ನಂಟಿನ ಮಾತು, ರಕ್ತದ ಲೆಕ್ಕ

ಇಟಲಿ ಸರ್ಕಾರ 2025ರ ಮಾರ್ಚ್ 28ರಂದು ಹೊರಡಿಸಿದ 36ನೇ ಸಂಖ್ಯೆಯ ಸುಗ್ರೀವಾಜ್ಞೆ ಮತ್ತು ಅದನ್ನು ಕೆಲವು ತಿದ್ದುಪಡಿಗಳೊಡನೆ ಕಾಯಂಗೊಳಿಸಿ ಆ ವರ್ಷದ ಮೇ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ 74ನೇ ಸಂಖ್ಯೆಯ ಕಾಯ್ದೆ, ಪರದೇಶಗಳಲ್ಲಿ ಹುಟ್ಟಿದ ಇಟಾಲಿಯನ್ ಮೂಲದವರ ಪೌರತ್ವದ ಹಕ್ಕನ್ನು ತಂದೆತಾಯಿ ಮತ್ತು ಅಜ್ಜ ಅಜ್ಜಿಯರ ಎರಡು ತಲೆಮಾರುಗಳಿಗೆ ಮೊಟಕುಗೊಳಿಸಿವೆ. ಅದುವರೆಗೆ, 1861ರ ಮಾರ್ಚ್ 17ರಂದು ಇಟಲಿ ಒಂದು ರಾಜ್ಯವಾಗಿ ಘೋಷಣೆಯಾದ ಮೇಲೆ ಬದುಕಿದ್ದ ಯಾವುದೇ ಪೂರ್ವಜನಿಂದ ತನ್ನವರೆಗೆ ಪೌರತ್ವದ ಸರಪಳಿ ತುಂಡಾಗದೆ ಬಂದಿದೆಯೆಂದು ಸಿದ್ಧಪಡಿಸಬಲ್ಲವರೆಲ್ಲರೂ, ಎಷ್ಟನೆಯ ತಲೆಮಾರಿನವರಾದರೂ, ಹುಟ್ಟಿನಿಂದಲೇ ಇಟಲಿಯ ಪ್ರಜೆಗಳೆಂದು ಮಾನ್ಯತೆ ಕೇಳಬಹುದಾಗಿತ್ತು.

ಪೌರತ್ವಕ್ಕೆ ದೇಶದೊಡನೆ ನಿಜವಾದ ನಂಟು ಇರಬೇಕು ಎಂಬುದು ವಿದೇಶಾಂಗ ಸಚಿವ ಅಂತೋನಿಯೊ ತಯಾನಿಯವರು ಈ ಬದಲಾವಣೆಗೆ ಮುಂದಿಟ್ಟ ಸಮರ್ಥನೆ. ತತ್ತ್ವವಾಗಿ ಈ ಮಾತನ್ನು ಅಲ್ಲಗಳೆಯುವುದು ಕಷ್ಟ. ಆಕ್ಷೇಪ ಹುಟ್ಟುವುದು ಅದನ್ನು ಜಾರಿಗೆ ತಂದ ಬಗೆಯಲ್ಲಿ: ನಂಟಿನ ಹೆಸರು ಹೇಳಿದ ಸರ್ಕಾರ ರಕ್ತದ ಲೆಕ್ಕವನ್ನೇ ಮುಂದುವರಿಸಿದೆ, ಆ ಲೆಕ್ಕವನ್ನು ಈಗಾಗಲೇ ಹುಟ್ಟಿ ಬೆಳೆದವರ ಮೇಲೂ ಹಿಂದಿನಿಂದಲೇ ಹೇರಿದೆ, ಮತ್ತು ಇಟಲಿಯ ನೆಲದಲ್ಲೇ ಹುಟ್ಟಿ ಅಲ್ಲಿಯ ಶಾಲೆಯಲ್ಲೇ ಓದಿದ ಮಕ್ಕಳ ವಿಷಯ ಬಂದಾಗ ನಂಟಿನ ಮಾತನ್ನೇ ಮರೆತಿದೆ.

ವಂಶದಿಂದ ಬರುವ ಪೌರತ್ವದ ಹಕ್ಕನ್ನು ಕಾನೂನಿನ ಲ್ಯಾಟಿನ್ ಪರಿಭಾಷೆಯಲ್ಲಿ ಯೂಸ್ ಸಾಂಗ್ವಿನಿಸ್ ಎನ್ನುತ್ತಾರೆ. ಹುಟ್ಟಿದ ನೆಲದಿಂದ ಬರುವ ಹಕ್ಕು ಯೂಸ್ ಸೋಲಿ. ಇಟಲಿ 1865ರ ನಾಗರಿಕ ಸಂಹಿತೆಯಿಂದ ಹಿಡಿದು ಮೊದಲನೆಯದನ್ನೇ ಆಧಾರವಾಗಿ ಇಟ್ಟುಕೊಂಡಿತು. ಅದಕ್ಕೆ ಚಾರಿತ್ರಿಕ ಕಾರಣವಿತ್ತು. 1876ರಿಂದ 1915ರ ನಡುವೆ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜನ ಬಡತನ ತಾಳಲಾರದೆ ಆ ದೇಶ ಬಿಟ್ಟು ಅರ್ಜೆಂಟೀನಾ, ಬ್ರೆಜಿಲ್, ಅಮೆರಿಕ, ಫ್ರಾನ್ಸ್ ಮೊದಲಾದೆಡೆಗೆ ಹೋದರು. ಅಮೆರಿಕ ಖಂಡದ ದೇಶಗಳು ತಮ್ಮ ನೆಲದಲ್ಲಿ ಹುಟ್ಟಿದ ಮಗುವನ್ನು ತಮ್ಮ ಪ್ರಜೆಯೆಂದೇ ಎಣಿಸುತ್ತಿದ್ದುದರಿಂದ, ವಲಸೆ ಹೋದವರ ಸಂತಾನ ಕೈತಪ್ಪದಿರಲೆಂದು 1912ರ ಪೌರತ್ವ ಕಾಯ್ದೆಯ 7ನೇ ವಿಧಿಯು ಅಂಥ ಮಗು ಇಟಾಲಿಯನ್ ಪೌರತ್ವವನ್ನೂ ಉಳಿಸಿಕೊಳ್ಳುತ್ತದೆ, ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಬೇಡವಾದರೆ ಬಿಟ್ಟುಕೊಡಬಹುದು ಎಂದು ಸಾರಿತು. ಅಂದರೆ ಇಂದು ಹೊರೆಯೆನ್ನಿಸುತ್ತಿರುವ ಕೊನೆಯಿಲ್ಲದ ಸರಪಳಿಯನ್ನು ಬೆಸೆದದ್ದು ಇಟಲಿಯೇ. ಅದನ್ನು ಯಾವ ವಲಸಿಗನೂ ಬೇಡಿ ಪಡೆದದ್ದಲ್ಲ. ದ್ವಿಪೌರತ್ವವನ್ನು ಮುಕ್ತವಾಗಿ ಒಪ್ಪಿದ 1992ರ 91ನೇ ಸಂಖ್ಯೆಯ ಕಾಯ್ದೆಯೂ ಈ ಸರಪಳಿಗೆ ಕೊನೆ ಹಾಕಲಿಲ್ಲ. 2001ರ ಕಾನೂನು ಪರದೇಶದ ಪ್ರಜೆಗಳಿಗೆ ಅಂಚೆಯ ಮೂಲಕ ಮತ ಹಾಕುವ ವ್ಯವಸ್ಥೆ ಮಾಡಿತು, ಮತ್ತು 2006ರಿಂದ ಅವರ ಪ್ರತಿನಿಧಿಗಳು ರೋಮ್‌ನ ಸಂಸತ್ತಿನಲ್ಲಿ ಕೂರುತ್ತಿದ್ದಾರೆ.

ರಕ್ತದ ನಿಯಮ ಎಂದೂ ನಿಷ್ಪಕ್ಷಪಾತವಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಗಣರಾಜ್ಯದ ಸಂವಿಧಾನ 1948ರ ಜನವರಿ 1ರಂದು ಜಾರಿಗೆ ಬರುವವರೆಗೆ ಪೌರತ್ವ ಇಳಿದುಬರುತ್ತಿದ್ದುದು, ಅಪರೂಪದ ಸಂದರ್ಭಗಳನ್ನು ಬಿಟ್ಟರೆ, ತಂದೆಯ ಕಡೆಯಿಂದ ಮಾತ್ರ. ಈ ತಾರತಮ್ಯವನ್ನು ಸಾಂವಿಧಾನಿಕ ನ್ಯಾಯಾಲಯ 1983ರಲ್ಲಿ ತಳ್ಳಿಹಾಕಿತು. ಇಟಲಿಯ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಕಸ್ಸಾಸಿಯೋನೆ 2009ರಲ್ಲಿ ಆ ತೀರ್ಪಿನ ಫಲವನ್ನು 1948ರ ಹಿಂದಿನ ಜನನಗಳಿಗೂ ವಿಸ್ತರಿಸಿತು. ಆದರೂ ಆಡಳಿತ ಅದನ್ನು ತಾನಾಗಿ ಪಾಲಿಸಲಿಲ್ಲ. ಅಜ್ಜಿಯ ಅಥವಾ ಮುತ್ತಜ್ಜಿಯ ಕಡೆಯಿಂದ ಹಕ್ಕು ಕೇಳುವವರು 2025ರವರೆಗೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತಿತ್ತು.

ಹಳೆಯ ನಿಯಮದಡಿಯ ಅರ್ಜಿಯ ಒಳಗನ್ನು ಹತ್ತಿರದಿಂದ ನೋಡಿದರೆ ವಿವಾದದ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಬ್ರೆಜಿಲ್‌ನ ಅರ್ಜಿದಾರನೊಬ್ಬ ಮೊದಲು ಪೂರ್ವಜ ಹುಟ್ಟಿದ ಊರಿನ ಪುರಸಭೆಯಿಂದ, ನಾಗರಿಕ ನೋಂದಣಿ ಇನ್ನೂ ಆರಂಭವಾಗಿರದ ಕಾಲದ್ದಾದರೆ ಅಲ್ಲಿಯ ಚರ್ಚಿನ ದೀಕ್ಷಾಸ್ನಾನದ ದಾಖಲೆಯಿಂದ, ಜನನದ ಪ್ರಮಾಣ ತರಬೇಕು. ಅನಂತರ ಪ್ರತಿ ತಲೆಮಾರಿನ ಜನನ, ಮದುವೆ, ಮರಣದ ಪ್ರಮಾಣಪತ್ರಗಳನ್ನು ಕೂಡಿಸಿ, ಅವುಗಳ ಮೇಲೆ ವಿದೇಶಗಳಲ್ಲಿ ಮಾನ್ಯವಾಗುವ ಆಪೊಸ್ಟಿಲ್ ಮುದ್ರೆ ಹಾಕಿಸಿ, ಇಟಾಲಿಯನ್‌ಗೆ ಅನುವಾದ ಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದಿನ ತಲೆಮಾರಿನ ಮಗು ಹುಟ್ಟುವ ಮುನ್ನ ಪೂರ್ವಜ ಸ್ವಇಚ್ಛೆಯಿಂದ ಬ್ರೆಜಿಲ್‌ನ ಪೌರತ್ವ ಪಡೆದಿರಲಿಲ್ಲ ಎಂಬ ಸರ್ಕಾರಿ ದೃಢೀಕರಣ. ಪಡೆದಿದ್ದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಹಡಗು ಇಳಿದ ಜೊವಾನ್ನಿ ಬಂದರಿನ ಗುಮಾಸ್ತನ ಕೈಯಲ್ಲಿ ಜೊವಾವ್ ಆಗಿ, ಜುಸೆಪ್ಪೆ ಜೊಸೆ ಆಗಿ, ಮನೆತನದ ಹೆಸರಿನ ಒಂದಕ್ಷರ ಉದುರಿಹೋಗಿದ್ದರೆ ಅದನ್ನು ತಿದ್ದಿಸುವುದಕ್ಕೇ ಪ್ರತ್ಯೇಕ ದಾವೆ ಹೂಡಬೇಕಾಗಬಹುದು. ಇಷ್ಟೆಲ್ಲ ಕಾಗದದಲ್ಲಿ ಅರ್ಜಿದಾರನಿಗೆ ಇಟಾಲಿಯನ್ ಮಾತು ಬರುತ್ತದೆಯೇ, ಆ ದೇಶವನ್ನು ಆತ ಒಮ್ಮೆಯಾದರೂ ಕಂಡಿದ್ದಾನೆಯೇ ಎಂಬ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಸರ್ಕಾರದ ಅಹವಾಲು ಈ ಕೊರತೆಯಿಂದಲೇ ಬಲ ಪಡೆಯುತ್ತದೆ. ವಿದೇಶಾಂಗ ಸಚಿವಾಲಯದ ಲೆಕ್ಕದಂತೆ ಹೊರದೇಶಗಳಲ್ಲಿ ವಾಸಿಸುವ ಇಟಾಲಿಯನ್ ಪ್ರಜೆಗಳ ಸಂಖ್ಯೆ 2014ರ ಕೊನೆಯಲ್ಲಿ ಸುಮಾರು 46 ಲಕ್ಷವಿದ್ದದ್ದು 2024ರ ಕೊನೆಗೆ 64 ಲಕ್ಷಕ್ಕೇರಿತು. ಪೌರತ್ವದ ಮಾನ್ಯತೆ ಕೋರಿದ 60 ಸಾವಿರಕ್ಕೂ ಹೆಚ್ಚು ದಾವೆಗಳು ನ್ಯಾಯಾಲಯಗಳಲ್ಲಿ ಬಾಕಿ ಇದ್ದವು. ಹಳೆಯ ನಿಯಮದಡಿ ಹಕ್ಕು ಕೇಳಬಲ್ಲವರ ಸಂಖ್ಯೆ ಜಗತ್ತಿನಾದ್ಯಂತ 6ರಿಂದ 8 ಕೋಟಿ ಇರಬಹುದೆಂದು ಸಚಿವಾಲಯ ಅಂದಾಜು ಮಾಡಿತು. ಇಟಲಿಯ ಒಟ್ಟು ಜನಸಂಖ್ಯೆಯೇ 6 ಕೋಟಿಯನ್ನು ಮುಟ್ಟುವುದಿಲ್ಲ. ವೆನೆತೊ ಪ್ರಾಂತದ ಗುಡ್ಡಗಾಡಿನ ಪುಟ್ಟ ಪುರಸಭೆ ವಾಲ್ ದಿ ಝೋಲ್ದೊದಲ್ಲಿ, ಬ್ರೆಜಿಲ್‌ನಿಂದ ಬರುವ ಇಂಥ ಅರ್ಜಿಗಳ ಹೊರೆಗೆ ಬೇಸತ್ತ ಮೇಯರ್ ಪುರಸಭೆಯ ಕಟ್ಟಡದ ಮೇಲೆ ಬ್ರೆಜಿಲ್ ಧ್ವಜ ಹಾರಿಸಿಯೇ ಪ್ರತಿಭಟಿಸಿದರು. ಕುಟುಂಬವೃಕ್ಷ ಹುಡುಕಿಕೊಟ್ಟು ಪಾಸ್‌ಪೋರ್ಟ್ ಕೈಗಿಡುವುದನ್ನೇ ಕಸುಬಾಗಿಸಿಕೊಂಡ ಏಜೆನ್ಸಿಗಳೂ ಹುಟ್ಟಿಕೊಂಡವು. ಆ ಪಾಸ್‌ಪೋರ್ಟಿನ ಬೆಲೆ ಇಟಲಿಯ ಗಡಿಗೆ ನಿಲ್ಲುವುದಿಲ್ಲ, ಯುರೋಪಿಯನ್ ಒಕ್ಕೂಟದ ಉದ್ದಗಲಕ್ಕೂ ನಡೆಯುತ್ತದೆ. ಇಟಲಿಯ ಪೌರತ್ವವೂ ಇದ್ದ ಅರ್ಜೆಂಟೀನಾದ ದಂತವೈದ್ಯರೊಬ್ಬರಿಗೆ ಸದಸ್ಯ ದೇಶದ ಪ್ರಜೆಯಾಗಿ ನೆಲೆಸುವ ಪರವಾನಗಿಯನ್ನು ಸ್ಪೇನ್ ನಿರಾಕರಿಸಿದ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ 1992ರಲ್ಲೇ, ಒಂದು ಸದಸ್ಯ ದೇಶ ಕೊಟ್ಟ ಪೌರತ್ವಕ್ಕೆ ಮತ್ತೊಂದು ಸದಸ್ಯ ದೇಶ ತನ್ನ ಷರತ್ತು ಸೇರಿಸುವಂತಿಲ್ಲ ಎಂದು ತೀರ್ಪಿತ್ತಿತ್ತು.

ಹೀಗಾಗಿ ಮಿತಿಯೊಂದು ಬೇಕಿತ್ತು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಸರ್ಕಾರ ಹಾಕಿದ ಮಿತಿಯ ನ್ಯಾಯದ ಬಗ್ಗೆ. ಹೊಸ ಕಾಯ್ದೆ ಇಂದಿನಿಂದ ಹುಟ್ಟುವವರಿಗೆ ನಿಯಮ ಮಾಡಿ ಸುಮ್ಮನಾಗಲಿಲ್ಲ. ಅದು ಜಾರಿಗೆ ಬರುವ ಮುನ್ನ ವಿದೇಶದಲ್ಲಿ ಹುಟ್ಟಿ ಬೇರೆ ಪೌರತ್ವ ಹೊಂದಿರುವವರೂ, ಕಾಯ್ದೆ ಹೇಳಿದ ವಿನಾಯಿತಿಗಳಿಗೆ ಒಳಪಡದಿದ್ದರೆ, ಇಟಲಿಯ ಪೌರತ್ವವನ್ನು ಎಂದೂ ಪಡೆದೇ ಇರಲಿಲ್ಲವೆಂದು ಭಾವಿಸತಕ್ಕದ್ದು ಎಂದು ವಿಧಿಸಿತು. 2025ರ ಮಾರ್ಚ್ 27ರ ರಾತ್ರಿ ರೋಮ್ ಸಮಯ 11 ಗಂಟೆ 59 ನಿಮಿಷದೊಳಗೆ ಅರ್ಜಿಯನ್ನೋ ದಾವೆಯನ್ನೋ ಸಲ್ಲಿಸಿದವರಿಗೆ, ಇಲ್ಲವೇ ಅಷ್ಟರಲ್ಲಿ ಕಚೇರಿಯಿಂದ ಭೇಟಿಯ ದಿನಾಂಕ ಖಚಿತವಾಗಿದ್ದವರಿಗೆ ಮಾತ್ರ ಹಳೆಯ ನಿಯಮ ಉಳಿಯಿತು. ಆದರೆ 2022ರಲ್ಲಿ ಕಸ್ಸಾಸಿಯೋನೆಯ ಸಂಯುಕ್ತ ಪೀಠ, ವಂಶದಿಂದ ಬರುವ ಪೌರತ್ವ ಹುಟ್ಟಿನೊಡನೆಯೇ ಸಿದ್ಧಿಸುವ, ಕಾಲ ಕಳೆದಂತೆ ನಶಿಸದ ಸ್ಥಾನಮಾನವೆಂದು ಹೇಳಿತ್ತು; ಅರ್ಜಿ ಕೇವಲ ಇರುವುದನ್ನು ಗುರುತಿಸುವ ಕ್ರಮವಾಗಿತ್ತು. ಇದ್ದದ್ದನ್ನು ಇರಲೇ ಇಲ್ಲವೆಂದು ಕಾನೂನು ಘೋಷಿಸುವುದಕ್ಕೂ ಇದ್ದದ್ದನ್ನು ಕಿತ್ತುಕೊಳ್ಳುವುದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಹೊಣೆಯಲ್ಲಿ ಮಾತ್ರ: ಕಿತ್ತುಕೊಂಡದ್ದಕ್ಕೆ ಕಾರಣ ಕೊಡಬೇಕಾಗುತ್ತದೆ, ಇರಲಿಲ್ಲವೆಂದರೆ ಕೊಡಬೇಕಾಗಿಲ್ಲ.

ದಾಖಲೆಗಳನ್ನೆಲ್ಲ ಕೂಡಿಸಿಟ್ಟುಕೊಂಡು ಕಾಯುತ್ತಿದ್ದವರ ಗತಿಯಲ್ಲಿ ಈ ಅನ್ಯಾಯ ಎದ್ದು ಕಾಣುತ್ತದೆ. ದಕ್ಷಿಣ ಅಮೆರಿಕದ ದೊಡ್ಡ ನಗರಗಳ ಕಾನ್ಸುಲೇಟ್‌ಗಳಲ್ಲಿ ಭೇಟಿಯ ದಿನಾಂಕ ಸಿಗುವುದಕ್ಕೇ ವರ್ಷಗಳು ಹಿಡಿಯುತ್ತಿದ್ದವು. ನ್ಯಾಯಾಲಯಗಳಲ್ಲಿ ದಾವೆಗಳು ರಾಶಿ ಬಿದ್ದದ್ದಕ್ಕೆ ಈ ವಿಳಂಬವೂ ದೊಡ್ಡ ಕಾರಣ. 2025ರ ಜನವರಿಯಿಂದ ಪ್ರತಿ ವಯಸ್ಕ ಅರ್ಜಿದಾರನ ಕಾನ್ಸುಲೇಟ್ ಶುಲ್ಕವನ್ನು 300 ಯೂರೋಗಳಿಂದ 600ಕ್ಕೆ ಏರಿಸಿದ ಸರ್ಕಾರ, ಆ ಹಣಕ್ಕೆ ತಕ್ಕ ಸೇವೆ ಕೊಡುವ ಮುನ್ನವೇ ಬಾಗಿಲು ಹಾಕಿತು. ಕಚೇರಿಯ ಅಸಾಮರ್ಥ್ಯಕ್ಕೆ ಸರದಿಯಲ್ಲಿ ನಿಂತವನನ್ನು ದಂಡಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಅದೂ ನಡೆದದ್ದು ಚರ್ಚೆಯ ನಂತರವಲ್ಲ, ಸುಗ್ರೀವಾಜ್ಞೆಯ ಮೂಲಕ, ರಾತ್ರೋರಾತ್ರಿ. ಇಟಲಿಯ ಸಂವಿಧಾನದ 77ನೇ ವಿಧಿ ಸುಗ್ರೀವಾಜ್ಞೆಯನ್ನು ಅಸಾಧಾರಣ ಅಗತ್ಯ ಮತ್ತು ತುರ್ತಿನ ಸಂದರ್ಭಗಳಿಗೆ ಮೀಸಲಿಟ್ಟಿದೆ. ಒಂದೂವರೆ ಶತಮಾನ ನಡೆದುಬಂದ ನಿಯಮ ಒಂದು ಮಾರ್ಚ್ ತಿಂಗಳ ರಾತ್ರಿ ಹಠಾತ್ತನೆ ತುರ್ತಾದದ್ದು ಹೇಗೆಂಬುದಕ್ಕೆ ಮನವೊಪ್ಪುವ ಉತ್ತರ ಬಂದಿಲ್ಲ. ತೂರಿನ್ ನಗರದ ನ್ಯಾಯಾಲಯ ಹೊಸ ನಿಯಮದ ಸಿಂಧುತ್ವದ ಪ್ರಶ್ನೆಯನ್ನು 2025ರ ಜೂನ್‌ನಲ್ಲೇ ಸಾಂವಿಧಾನಿಕ ನ್ಯಾಯಾಲಯಕ್ಕೆ ಒಪ್ಪಿಸಿತು. ನ್ಯಾಯಾಲಯ ಏನೇ ಹೇಳಲಿ, ಸಿಂಧುವಾದದ್ದೆಲ್ಲ ನ್ಯಾಯವಾಗುವುದಿಲ್ಲ.

ಎರಡನೆಯ ಆಕ್ಷೇಪ ಹೊಸ ಅಳತೆಗೋಲಿನದು. ಈಗ ವಿದೇಶದಲ್ಲಿ ಹುಟ್ಟಿದವನಿಗೆ ಹಕ್ಕು ಸಿಗಬೇಕಾದರೆ ಆತನ ತಂದೆ, ತಾಯಿ, ಅಜ್ಜ ಅಥವಾ ಅಜ್ಜಿ ಇಟಾಲಿಯನ್ ಪೌರತ್ವವೊಂದನ್ನೇ ಹೊಂದಿರಬೇಕು, ಇಲ್ಲವೇ ಸಾಯುವಾಗ ಹೊಂದಿದ್ದಿರಬೇಕು. ಅಥವಾ ಇಟಲಿಯ ಪ್ರಜೆಯಾದ ತಂದೆ ಇಲ್ಲವೇ ತಾಯಿ ಮಗು ಹುಟ್ಟುವ ಮುನ್ನ ಕನಿಷ್ಠ ಎರಡು ವರ್ಷ ನಿರಂತರವಾಗಿ ಅಲ್ಲಿ ನೆಲೆಸಿರಬೇಕು. ಎರಡನೆಯ ಷರತ್ತಿನಲ್ಲಿ ನಂಟಿನ ಗುರುತು ಇದೆ. ಮೊದಲನೆಯದರಲ್ಲಿ ಅದರ ಸುಳಿವೂ ಇಲ್ಲ. ಬ್ಯೂನಸ್ ಐರಿಸ್‌ಗೆ ಹೋದ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಕೆಲಸದ ಅನುಕೂಲಕ್ಕೆ ಅರ್ಜೆಂಟೀನಾದ ಪೌರತ್ವ ಪಡೆದನೆಂದೂ ತಮ್ಮ ಆ ಗೋಜಿಗೇ ಹೋಗಲಿಲ್ಲವೆಂದೂ ಊಹಿಸಿದರೆ, ತಮ್ಮನ ಮೊಮ್ಮಗ ಇಟಾಲಿಯನ್ನಿನ ಒಂದು ಮಾತು ಬಾರದಿದ್ದರೂ ಪ್ರಜೆಯಾಗುತ್ತಾನೆ. ಅಣ್ಣನ ಮೊಮ್ಮಗಳು ಆ ಭಾಷೆ ಕಲಿತು, ಬೊಲೊನ್ಯಾದ ವಿಶ್ವವಿದ್ಯಾಲಯದಲ್ಲಿ ಓದಿದ್ದರೂ ಹೊರಗಿನವಳಾಗುತ್ತಾಳೆ. ಇಲ್ಲಿ ಅಳೆದದ್ದು ಮೊಮ್ಮಕ್ಕಳ ನಂಟನ್ನಲ್ಲ, ಅಜ್ಜಂದಿರ ಕಾಗದಪತ್ರವನ್ನು. ರಕ್ತದ ಎಳೆ ಗಿಡ್ಡವಾಯಿತೇ ಹೊರತು ಅಳತೆಗೋಲು ಬದಲಾಗಲಿಲ್ಲ. ನಂಟನ್ನು ಅಳೆಯುವ ಸಾಧನ ಸರ್ಕಾರದ ಕೈಯಲ್ಲಿರಲಿಲ್ಲವೆಂದೂ ಹೇಳುವಂತಿಲ್ಲ. ಮದುವೆಯ ಮೂಲಕವೋ ವಾಸದ ಮೂಲಕವೋ ಪೌರತ್ವ ಕೋರುವವರು ಇಟಾಲಿಯನ್ ಭಾಷೆಯನ್ನು ಮಧ್ಯಮ ಮಟ್ಟದವರೆಗೆ ಬಲ್ಲೆವೆಂದು ತೋರಿಸಬೇಕೆಂಬ ನಿಯಮ 2018ರಿಂದಲೇ ಜಾರಿಯಲ್ಲಿದೆ. ಅದನ್ನು ವಂಶದ ಹಕ್ಕಿಗೂ ಅನ್ವಯಿಸಬಹುದಿತ್ತು.

ಅಧಿಕಾರ ಇದ್ದವರಿಗೆ ನಿಯಮ ಹಗುರಾಗುತ್ತದೆಂಬ ಅನುಮಾನಕ್ಕೂ ಆಸ್ಪದ ಸಿಕ್ಕಿದೆ. ಅರ್ಜೆಂಟೀನಾದ ಅಧ್ಯಕ್ಷ ಹಾವಿಯೆರ್ ಮಿಲೇ ಅವರಿಗೆ 2024ರ ಡಿಸೆಂಬರ್‌ನಲ್ಲಿ ರೋಮ್ ಭೇಟಿಯ ಹೊತ್ತಿಗೆ ಇಟಲಿಯ ಪೌರತ್ವ ದೊರೆತಾಗ ವಿರೋಧ ಪಕ್ಷಗಳು ಕೂಗೆಬ್ಬಿಸಿದ್ದು ಅವರ ಪೂರ್ವಜರ ಬಗ್ಗೆ ಅಲ್ಲ. ಇಟಲಿಯಲ್ಲೇ ಹುಟ್ಟಿದ ವಲಸಿಗರ ಮಕ್ಕಳು ಕಾಯುತ್ತಲೇ ಇರುವಾಗ ಹೀಗಾಯಿತಲ್ಲ ಎಂಬ ಬಗ್ಗೆ.

ಮೂರನೆಯ ಮತ್ತು ಅತಿ ದೊಡ್ಡ ಆಕ್ಷೇಪ ಆ ಮಕ್ಕಳದೇ. ಪೋ ನದಿಯ ಬಯಲಿನಲ್ಲಿ ಇಟಲಿಯ ಹೆಸರಾಂತ ಗಿಣ್ಣುಗಳಿಗೆ ಹಾಲು ಕೊಡುವ ಹಸುಗಳ ಕೊಟ್ಟಿಗೆಗಳಲ್ಲಿ ದುಡಿಯುವವರಲ್ಲಿ ದೊಡ್ಡ ಪಾಲು ಪಂಜಾಬಿನಿಂದ ಹೋದ ಭಾರತೀಯರದು. ಅವರಿಗೆ ಅಲ್ಲಿಯೇ ಹುಟ್ಟಿದ ಮಗು, ಅಲ್ಲಿಯ ಶಾಲೆಯಲ್ಲಿ ಅಲ್ಲಿಯ ಭಾಷೆಯಲ್ಲಿ ಓದಿದ ಮಗು, ಹದಿನೆಂಟು ತುಂಬುವವರೆಗೆ ವಾಸಕ್ಕೆ ಒಂದಿಷ್ಟೂ ಭಂಗ ಬಾರದಂತೆ ಕಾದು, ಆಮೇಲಿನ ಒಂದು ವರ್ಷದೊಳಗೆ ತನ್ನ ಇಚ್ಛೆ ತಿಳಿಸಿದರೆ ಮಾತ್ರ ಈ ದಾರಿಯಲ್ಲಿ ಪ್ರಜೆಯಾಗಬಹುದು. ಅದರ ತಂದೆತಾಯಿ ಯುರೋಪಿಯನ್ ಒಕ್ಕೂಟದ ಹೊರಗಿನವರಾದ್ದರಿಂದ ಅರ್ಜಿ ಹಾಕುವುದಕ್ಕೇ ಹತ್ತು ವರ್ಷ ಕಾನೂನುಬದ್ಧವಾಗಿ ನೆಲೆಸಿರಬೇಕು. ಶಾಲೆಯ ಓದನ್ನೂ ಹುಟ್ಟನ್ನೂ ಮನ್ನಿಸುವ ಮಸೂದೆ 2015ರಲ್ಲಿ ಕೆಳಮನೆಯ ಒಪ್ಪಿಗೆ ಪಡೆದರೂ 2017ರ ಕೊನೆಯಲ್ಲಿ ಸೆನೆಟ್‌ನಲ್ಲಿ ಕೋರಂ ಸಾಲದೆ ಬಿದ್ದುಹೋಯಿತು. ಹತ್ತು ವರ್ಷವನ್ನು ಐದಕ್ಕೆ ಇಳಿಸಬೇಕೆಂಬ ಪ್ರಶ್ನೆ 2025ರ ಜೂನ್ 8 ಮತ್ತು 9ರಂದು ಜನಮತಗಣನೆಗೆ ಬಂದಾಗ ಪ್ರಧಾನಿ ಜಾರ್ಜಿಯಾ ಮೆಲೋನಿ ಮತಗಟ್ಟೆಗೆ ಹೋಗುವೆ, ಆದರೆ ಮತಪತ್ರ ತೆಗೆದುಕೊಳ್ಳುವುದಿಲ್ಲ ಎಂದರು. ಅರ್ಧದಷ್ಟು ಮತದಾರರು ಬರಬೇಕಿದ್ದಲ್ಲಿ ಸುಮಾರು ಶೇ 30 ಜನ ಬಂದು, ಫಲಿತಾಂಶ ಅಸಿಂಧುವಾಯಿತು. ವಂಶದ ಹಕ್ಕಿಗೆ ನಂಟಿಲ್ಲವೆಂದು ಕತ್ತರಿ ಹಾಕಿ ತಿಂಗಳು ಕಳೆಯುವ ಮುನ್ನವೇ ಕಣ್ಣೆದುರಿನ ನಂಟಿಗೆ ಬೆಲೆ ಕೊಡಲು ಸರ್ಕಾರ ಮನಸ್ಸು ಮಾಡಲಿಲ್ಲ.

ಯಾರು ತನ್ನ ಪ್ರಜೆಯೆಂದು ತೀರ್ಮಾನಿಸುವುದು ಪ್ರತಿ ದೇಶದ ಪರಮಾಧಿಕಾರವಲ್ಲವೇ ಎಂಬ ಪ್ರತಿವಾದ ಇದಕ್ಕೆ ಸಿದ್ಧವಾಗಿರುತ್ತದೆ. ಹೌದು, ಆದರೆ ಆ ಅಧಿಕಾರಕ್ಕೂ ರೀತಿಯುಂಟು. ನೆದರ್ಲೆಂಡ್ಸ್‌ಗೆ ಸಂಬಂಧಿಸಿದ 2019ರ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ, ನಿಜವಾದ ನಂಟು ಕಳೆದುಹೋದ ಕಾರಣಕ್ಕೆ ಪೌರತ್ವ ತೆಗೆಯಬಹುದಾದರೂ ಅದರ ಪರಿಣಾಮವನ್ನು ಪ್ರತಿಯೊಬ್ಬನ ವಿಷಯದಲ್ಲೂ ಪ್ರತ್ಯೇಕವಾಗಿ ತೂಗಿ ನೋಡುವ ಅವಕಾಶ ಇರಬೇಕೆಂದಿತು. ದ್ವಿಪೌರತ್ವವನ್ನೇ ಒಪ್ಪದ ಭಾರತದ ಕಾನೂನಿನಲ್ಲೂ ಕಲಿಯಬಹುದಾದ ಪಾಠವಿದೆ. ಹುಟ್ಟಿದ ನೆಲದಿಂದ ಬರುತ್ತಿದ್ದ ಹಕ್ಕನ್ನು ಭಾರತ ಮೊಟಕುಗೊಳಿಸಿದಾಗ ಅದನ್ನು 1987ರ ಜುಲೈ 1ರ ಮತ್ತು 2004ರ ಡಿಸೆಂಬರ್ 3ರ ಅನಂತರ ಹುಟ್ಟಿದವರಿಗೆ ಅನ್ವಯಿಸಿತು. ಎರಡನೆಯ ದಿನಾಂಕದಿಂದಾಚೆಗೆ ವಿದೇಶದಲ್ಲಿ ಹುಟ್ಟುವ ಭಾರತೀಯರ ಮಕ್ಕಳನ್ನು ಒಂದು ವರ್ಷದೊಳಗೆ ದೂತಾವಾಸದಲ್ಲಿ ನೋಂದಾಯಿಸಬೇಕೆಂಬ ಷರತ್ತನ್ನೂ ಹಾಕಿತು. ನಿಯಮ ಕಠಿಣವಾದರೂ ಏನು ಮಾಡಬೇಕೆಂಬುದು ತಂದೆತಾಯಿಗೆ ಮೊದಲೇ ತಿಳಿದಿರುತ್ತದೆ.

ಇಟಲಿಯೂ ಇದೇ ಹಾದಿ ಹಿಡಿಯಬಹುದಿತ್ತು, ಈಗಲೂ ಹಿಡಿಯಬಹುದು. ತಲೆಮಾರಿನ ಮಿತಿ ಕಾಯ್ದೆ ಬಂದ ಮೇಲೆ ಹುಟ್ಟುವವರಿಗೆ ಅನ್ವಯವಾಗಲಿ. ಅದಕ್ಕೆ ಮುನ್ನ ಹುಟ್ಟಿದವರಿಗೆ ಇಂತಿಷ್ಟು ವರ್ಷದೊಳಗೆ ನೋಂದಾಯಿಸಿಕೊಳ್ಳಲು ಗಡುವು ಕೊಟ್ಟು, ಅಷ್ಟು ಅರ್ಜಿಗಳನ್ನು ವಿಲೇವಾರಿ ಮಾಡುವ ಶಕ್ತಿಯನ್ನು ಕಚೇರಿಗಳಿಗೆ ತುಂಬಲಿ. ಅಜ್ಜನ ಪೌರತ್ವ ಒಂದೇ ಆಗಿತ್ತೋ ಎರಡಿತ್ತೋ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಅರ್ಜಿದಾರನ ಭಾಷಾಜ್ಞಾನವನ್ನೂ ವಾಸವನ್ನೂ ಪರಿಗಣಿಸಲಿ. ಅದೇ ಅಳತೆಯನ್ನು ದೇಶದೊಳಗೆ ತಿರುಗಿಸಿ, ಅಲ್ಲಿಯ ಶಾಲೆಯಲ್ಲಿ ಓದು ಮುಗಿಸಿದ ಮಗುವನ್ನು ಹದಿನೆಂಟರವರೆಗೆ ಕಾಯಿಸದೆ ಪ್ರಜೆಯಾಗಿ ಒಪ್ಪಲಿ. ನಂಟೇ ಪೌರತ್ವದ ಬುನಾದಿಯೆಂದು ಸಾರಿದ್ದು ಸರ್ಕಾರವೇ ಆದ್ದರಿಂದ, ಆ ಮಾತನ್ನು ಬ್ರೆಜಿಲ್‌ನ ಸಾವ್ ಪಾವ್ಲೊದಲ್ಲಿ ಕೂತವನಿಗೆ ಹೇಳಿ ಪೋ ಬಯಲಿನ ಕ್ರೆಮೋನಾದಲ್ಲಿ ಹುಟ್ಟಿದವಳಿಗೆ ಹೇಳದಿರುವ ಸ್ವಾತಂತ್ರ್ಯ ಅದಕ್ಕಿಲ್ಲ. ಇಬ್ಬರಿಗೂ ಒಂದೇ ಮಾತು ಅನ್ವಯವಾಗುವವರೆಗೆ 2025ರ ಕಾಯ್ದೆಯನ್ನು ಸುಧಾರಣೆಯೆನ್ನುವುದಕ್ಕಿಂತ ಅರ್ಜಿಗಳ ಸಂಖ್ಯೆ ತಗ್ಗಿಸುವ ಉಪಾಯವೆನ್ನುವುದೇ ಸರಿ.