ಬೆಳಕಿನ ಸ್ವಿಚ್ಚು ಮತ್ತು ಸಣ್ಣ ಕೈಗಾರಿಕೆ

ಅಧಿಕ ಶಕ್ತಿಯ ಮೈಕ್ರೋವೇವ್ ತರಂಗಗಳನ್ನು ಉತ್ಪಾದಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ನಿರ್ವಾತ ಕೊಳವೆ. ಇವುಗಳ ಸಂಶೋಧನೆಗೆಂದೇ ರಕ್ಷಣಾ ಇಲಾಖೆಯ ಪ್ರಯೋಗಾಲಯವೊಂದು ಬೆಂಗಳೂರಿನಲ್ಲಿದೆ. ಈಗ ಇವಕ್ಕೆ ಪ್ರತಿಸ್ಪರ್ಧಿಯಾಗಿ ಬೆಳೆಯುತ್ತಿರುವುದು ಬೆಳಕಿನಿಂದ ಚಾಲನೆಗೊಳ್ಳುವ ಅರೆವಾಹಕ ಸ್ವಿಚ್ಚು.

ಇದರ ತತ್ತ್ವ ಸರಳವಾದುದು. ಕತ್ತಲೆಯಲ್ಲಿ ಸಾವಿರಾರು ವೋಲ್ಟುಗಳನ್ನು ತಡೆದು ನಿಲ್ಲುವ ಅರೆವಾಹಕದ ತುಂಡು, ಲೇಸರ್ ಕಿರಣ ಬಿದ್ದೊಡನೆ ವಾಹಕವಾಗುತ್ತದೆ. ಹೀಗೆ ಹೊಮ್ಮುವ ಅತ್ಯಲ್ಪಾವಧಿಯ ವಿದ್ಯುತ್ ಸ್ಪಂದನಗಳೇ ಆಂಟೆನಾದ ಮೂಲಕ ಮೈಕ್ರೋವೇವ್ ಆಗಿ ಹೊರಡುತ್ತವೆ. 1975ರಲ್ಲಿ ಬೆಲ್ ಪ್ರಯೋಗಾಲಯದ ಡೇವಿಡ್ ಆಸ್ಟನ್ ಇಂಥ ಸ್ವಿಚ್ಚನ್ನು ಸಿಲಿಕಾನಿನಲ್ಲಿ ಮಾಡಿ ತೋರಿಸಿದರು. ಬಳಿಕ ಗ್ಯಾಲಿಯಂ ಆರ್ಸೆನೈಡ್ ಬಂದಿತು; ಈಗ ಗಮನವೆಲ್ಲ ಸಿಲಿಕಾನಿಗಿಂತ ಸುಮಾರು 10 ಪಟ್ಟು ಪ್ರಬಲವಾದ ವಿದ್ಯುತ್ ಕ್ಷೇತ್ರವನ್ನು ತಾಳಬಲ್ಲ ಸಿಲಿಕಾನ್ ಕಾರ್ಬೈಡ್‌ನತ್ತ ಹರಿದಿದೆ.

ಇದೆಲ್ಲ ಕೋಟ್ಯಂತರ ಬಂಡವಾಳದವರ ವ್ಯವಹಾರವೆಂದು ಉದ್ಯಮಿಗಳು ಕೈಬಿಡುವುದು ಸಹಜ. ಹರಳಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಸ್ವಿಚ್ಚು ಹಾಳಾಗುವುದು ಬಹುಮಟ್ಟಿಗೆ ಹರಳಿನ ನಡುವಿನಲ್ಲಲ್ಲ, ಲೋಹವು ಹರಳನ್ನು ಮುಟ್ಟುವ ಅಂಚಿನಲ್ಲಿ. ವಿದ್ಯುತ್ತು ಅಲ್ಲಿ ಎಳೆ ಎಳೆಯಾಗಿ ಒಟ್ಟುಗೂಡಿ ಸಂಪರ್ಕವನ್ನು ಸುಡುತ್ತದೆ. ಲೋಹದ ಅಂಚನ್ನು ದುಂಡಗೆ ಮಾಡುವುದು, ನಿಕ್ಕಲ್ ಲೇಪನವನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಕೂಡಿಸುವುದು, ಗಾಳಿಯಲ್ಲಿ ಕಿಡಿ ಹಾರದಂತೆ ಇಡೀ ತುಂಡನ್ನು ಅವಾಹಕ ಎಣ್ಣೆ ಅಥವಾ ಜೆಲ್‌ನಲ್ಲಿ ಮುಳುಗಿಸುವುದು, ಪಿಂಗಾಣಿ ಕವಚ, ಶಾಖ ಹೀರುವ ತಾಮ್ರದ ಪೀಠ: ಬಾಳಿಕೆ ನಿಂತಿರುವುದು ಇವುಗಳ ಮೇಲೆ. ಯಂತ್ರಗೆಲಸ, ಬ್ರೇಜಿಂಗ್, ಲೇಪನಗಳಲ್ಲಿ ನುರಿತ ಪೀಣ್ಯದಂಥ ಪ್ರದೇಶಕ್ಕೆ ಇವುಗಳಲ್ಲಿ ಹಲವು ಅಪರಿಚಿತವಲ್ಲ.

ತೊಡಕಿರುವುದು ಬೇರೆಡೆ. ಬಾಳಿಕೆಯನ್ನು ಅಳೆಯಲು ಮಾದರಿಗಳನ್ನು ಸುಟ್ಟುಹೋಗುವವರೆಗೂ ಓಡಿಸಬೇಕು. ಆ ವೆಚ್ಚವನ್ನು ಹತ್ತಾರು ಬಿಡಿಭಾಗಗಳ ಆದೇಶವೊಂದನ್ನು ನೆಚ್ಚಿಕೊಂಡ ಸಣ್ಣ ಘಟಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪರೀಕ್ಷಾ ವೆಚ್ಚವನ್ನು ಖರೀದಿದಾರರೇ ಭರಿಸಬೇಕು, ಇಲ್ಲವೇ ಸರ್ಕಾರವು ಅಧಿಕ ವೋಲ್ಟೇಜಿನ ಸಾಮಾನ್ಯ ಪರೀಕ್ಷಾ ಕೇಂದ್ರವನ್ನು ತೆರೆಯಬೇಕು. ವಾಣಿಜ್ಯ ಮಂಡಳಿಗಳು ಸಬ್ಸಿಡಿಗಿಂತ ಮೊದಲು ಕೇಳಬೇಕಾದುದು ಇದನ್ನು. ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂಬ 2006ರ ಕಾಯಿದೆಯ ನಿಯಮವೂ ಮಾದರಿ ಹಂತದಿಂದಲೇ ಕಟ್ಟುನಿಟ್ಟಾಗಿ ಪಾಲನೆಯಾಗಬೇಕು.

ರಫ್ತಿನ ಯೋಚನೆ ಇರುವವರು ಇನ್ನೊಂದನ್ನು ಗಮನಿಸುವುದು ಒಳಿತು. ನಿರ್ದೇಶಿತ ಶಕ್ತಿಯ ಶಸ್ತ್ರಗಳಿಗೆಂದೇ ವಿನ್ಯಾಸಗೊಂಡ ಬಿಡಿಭಾಗಗಳು ಸ್ಕಾಮೆಟ್ ನಿಯಂತ್ರಣ ಪಟ್ಟಿಗೆ ಸೇರಿವೆ. ಪರವಾನಗಿಯ ವಿಚಾರವನ್ನು ಇತ್ಯರ್ಥಪಡಿಸಿಕೊಳ್ಳಬೇಕಾದುದು ದರಪಟ್ಟಿ ಕಳುಹಿಸುವ ಮೊದಲು, ಸರಕು ಸಿದ್ಧವಾದ ಮೇಲಲ್ಲ.