ರೀಸ್ಟಾರ್ಟ್ ಒತ್ತೋ ಮುಂಚೆ ಎರಡು ನಿಮಿಷ (ಭಾಗ 4)

ಲ್ಯಾಬ್ ಸರ್ವರ್ ಕಾರಣವೇ ಇಲ್ಲದೆ ಬಿದ್ದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ರೀಸ್ಟಾರ್ಟ್ ಮಾಡ್ರೋ, ಸರಿ ಹೋಗುತ್ತೆ." ಹೋಗುತ್ತೆ, ನಿಜ. ಮೂರು ದಿನ ಬಿಟ್ಟು ಮತ್ತೆ ಬೀಳುತ್ತೆ. ನನ್ನ ಕೇಳಿದ್ರೆ, ಏನೂ ನೋಡದೆ ಮಾಡೋ ರೀಸ್ಟಾರ್ಟ್ ಅಂದ್ರೆ ಸಾಕ್ಷಿ ಅಳಿಸೋ ಕೆಲಸ. ಸ್ಕ್ರೀನ್ ಮೇಲಿದ್ದ ಕೊನೆಯ ಸಾಲು ಹೋಯ್ತು. ಎಷ್ಟು ಗಂಟೆಗೆ, ಯಾವ ಪ್ರೋಗ್ರಾಂ ಓಡ್ತಿದ್ದಾಗ ಬಿತ್ತು ಅನ್ನೋದು ಸಂಜೆಯೊಳಗೆ ಮರೆತೂ ಹೋಯ್ತು. ಒಂದು ಫೋಟೋ ತೆಗೀರಪ್ಪಾ! ಮಸಾಲೆ ದೋಸೆಗೆ ನಾಲ್ಕು ಆ್ಯಂಗಲ್ ತೆಗೀತೀವಲ್ಲ.

ಆಮೇಲೆ ಶುರು ಊಹೆಗಳ ಮೆರವಣಿಗೆ. "ಎಸಿ ಇಲ್ಲ, ಬಿಸಿಯಾಗಿದೆ." "ಕಾಸ್ಮಿಕ್ ಕಿರಣ ಬಡಿದಿರ್ಬೇಕು." ಗೂಗಲ್ ತನ್ನ ಸರ್ವರ್‌ಗಳ ರ‍್ಯಾಮ್ ಅನ್ನು ಎರಡೂವರೆ ವರ್ಷ ಗಮನಿಸಿತ್ತು. ಆ ಅಧ್ಯಯನ ಬಂದಿದ್ದು 2009ರಲ್ಲಿ. ವರ್ಷಕ್ಕೆ 100ರಲ್ಲಿ 8ಕ್ಕಿಂತ ಹೆಚ್ಚು ರ‍್ಯಾಮ್ ಸ್ಟಿಕ್‌ಗಳಲ್ಲಿ ದೋಷ ಕಂಡಿತ್ತು. ಬಿಸಿಯ ಪಾತ್ರ ಅಚ್ಚರಿ ಅನ್ನಿಸೋಷ್ಟು ಕಮ್ಮಿ. ದೋಷಗಳಲ್ಲಿ ಹೆಚ್ಚಿನವು ಆಕಾಶದಿಂದ ಬಂದವಲ್ಲ, ಹಾರ್ಡ್‌ವೇರ್‌ನಲ್ಲೇ ಕೂತಿದ್ದವು ಅನ್ನೋದಕ್ಕೆ ಬಲವಾದ ಪುರಾವೆ ಸಿಕ್ಕಿತ್ತು. ಅಂದ್ರೆ ಹುಡುಕಿದ್ರೆ ಸಿಗುತ್ತೆ ಕಣ್ರೋ.

ಹುಡುಕೋದು ಹೇಗೆ? ಮೊದಲು ಕರ್ನಲ್ ಲಾಗ್, ಮದರ್‌ಬೋರ್ಡ್ ಇಟ್ಟಿರೋ ಈವೆಂಟ್ ಲಾಗ್ ಓದಿ. ಸರ್ವರ್‌ನಲ್ಲಿ ಇಸಿಸಿ ರ‍್ಯಾಮ್ ಇದ್ರೆ ಸಾಮಾನ್ಯವಾಗಿ ಯಾವ ಸ್ಲಾಟ್‌ನಲ್ಲಿ ತಪ್ಪಾಯ್ತು ಅಂತ ಅಲ್ಲೇ ಬರೆದಿರುತ್ತೆ. ಪವರ್ ಕೇಬಲ್ ಕಿತ್ತು, ಅನುಮಾನದ ಸ್ಟಿಕ್ ಅನ್ನು ಪಕ್ಕದ ಸ್ಟಿಕ್ ಜೊತೆ ಅದಲು ಬದಲು ಮಾಡಿ. ದೋಷ ಸ್ಟಿಕ್ ಹಿಂದೆ ಹೋದ್ರೆ ಸ್ಟಿಕ್ ಕೆಟ್ಟಿದೆ. ಹಳೇ ಸ್ಲಾಟ್‌ನಲ್ಲೇ ಉಳಿದ್ರೆ ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಿ. ತೆಗೆದು ಹಾಕಿದ್ದಕ್ಕೇ ನಿಂತುಹೋದ್ರೆ ಕಾಂಟ್ಯಾಕ್ಟ್ ಸಡಿಲ ಇದ್ದಿರಬಹುದು, ಒಂದು ವಾರ ಕಾಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ.

"ಇಷ್ಟೆಲ್ಲಾ ಯಾಕೆ ಮಗಾ, ರ‍್ಯಾಮ್, ಪವರ್ ಸಪ್ಲೈ, ಡಿಸ್ಕ್ ಮೂರೂ ಬದಲಾಯಿಸು" ಅನ್ನೋರಿದ್ದಾರೆ. ಸರ್ವರ್ ಸರಿ ಹೋಗ್ಬಹುದು. ಆದ್ರೆ ಮೂರರಲ್ಲಿ ಕೆಟ್ಟಿದ್ದು ಯಾವುದು? ಗೊತ್ತಿಲ್ಲ. ಮೂರೂ ಬೀರು ಸೇರುತ್ತೆ, ಮುಂದಿನ ವರ್ಷ ಯಾವನೋ ಪಾಪದ ಜೂನಿಯರ್‌ನ ಮಷೀನ್‌ಗೆ ಹೋಗುತ್ತೆ.

ಇನ್ನೊಂದು ವಿಷಯ. ಧೊಪ್ಪಂತ ಬೀಳೋ ಸರ್ವರ್ ಪ್ರಾಮಾಣಿಕ, ಕೆಟ್ಟಿದ್ದೀನಿ ಅಂತ ಹೇಳುತ್ತೆ. ಫೇಸ್‌ಬುಕ್ ಎಂಜಿನಿಯರ್‌ಗಳು 2021ರಲ್ಲಿ ಒಂದು ಪ್ರೊಸೆಸರ್ ಕತೆ ಬರೆದರು. 1.1ರ 53ನೇ ಘಾತವನ್ನು ಪೂರ್ಣಾಂಕ ಮಾಡಿದ್ರೆ 156 ಬರಬೇಕು. ಅದರ ಒಂದು ಕೋರ್ ಕೊಟ್ಟಿದ್ದು 0! ಅದೇ ಕೋರ್ 52ನೇ ಘಾತಕ್ಕೆ ಸರಿಯಾಗಿ 142 ಕೊಡ್ತಿತ್ತು. ಕ್ರ್ಯಾಶ್ ಇಲ್ಲ, ಎರರ್ ಇಲ್ಲ. ಫೈಲ್ ಗಾತ್ರ ಸೊನ್ನೆ ಅಂತ ಬಂದು ಫೈಲ್‌ಗಳೇ ಕಾಣೆಯಾಗ್ತಿದ್ವು. ಇಂಥದ್ದನ್ನ ಇಸಿಸಿ ರ‍್ಯಾಮೂ ಹಿಡಿಯಲ್ಲ, ಯಾಕಂದ್ರೆ ತಪ್ಪು ಆಗ್ತಿರೋದು ಕೋರ್ ಒಳಗೆ.

ಹಾಗಾಗಿ ಫೈನಲ್ ಇಯರ್ ರಿಪೋರ್ಟ್‌ಗೆ ಹಾಕೋ ನಂಬರ್‌ಗಳನ್ನ ಇನ್ನೊಂದು ಮಷೀನ್‌ನಲ್ಲೂ ಒಮ್ಮೆ ಓಡಿಸಿ, ತಾಳೆ ನೋಡಿ. ಎರಡೂ ಬೇರೆ ಬೇರೆ ಬಂದ್ರೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳ್ಸಿ, ಕೂತು ನೋಡೋಣ.