ಅಮ್ಮ ಎಂದರೆ ಎಷ್ಟಕ್ಷರ?

ಕಳೆದ ರಾಜ್ಯೋತ್ಸವದಂದು ಹೊರನಾಡಿನ ಕನ್ನಡ ಬಳಗವೊಂದು ಮಕ್ಕಳಿಗಾಗಿ ಪದಶೋಧ ಸ್ಪರ್ಧೆಯನ್ನು ಏರ್ಪಡಿಸಿತ್ತು. ಅಕ್ಷರಗಳ ಸಂಖ್ಯೆಯನ್ನೂ ಒಂದೆರಡು ಅಕ್ಷರಗಳನ್ನೂ ಕೊಡುತ್ತಾರೆ. ಅವಕ್ಕೆ ಹೊಂದುವ ಪದವನ್ನು ಪರದೆಯ ಮೇಲೆ ತುಂಬಬೇಕು. ‘ಮೂರಕ್ಷರದ ಪದ, ಕೊನೆಯದು ತಿ’ ಎಂಬ ಸುಳುಹಿಗೆ ಪುಟ್ಟ ಹುಡುಗಿಯೊಬ್ಬಳು ‘ಸಂಕ್ರಾಂತಿ’ ಎಂದು ತುಂಬಿದಳು. ಇದು ನಾಲ್ಕಕ್ಷರವೆಂದು ಯಂತ್ರ ತಿರಸ್ಕರಿಸಿತು. ಹುಡುಗಿ ಬೆರಳು ಮಡಿಸಿ ಎಣಿಸಿದಳು: ಸಂ, ಕ್ರಾಂ, ತಿ. ಮತ್ತೊಮ್ಮೆ ಎಣಿಸಿದಳು. ‘ಕಂಪ್ಯೂಟರ್ ತಪ್ಪು ಎಣಿಸುತ್ತದೆಯೇ ಮಗೂ’ ಎಂದು ನಿರ್ವಾಹಕರು ನಕ್ಕು ಅಂಕ ಕಳೆದರು. ನಾವು ಆ ಸಭೆಯಲ್ಲೇ ಕುಳಿತಿದ್ದೆವು, ಎದ್ದು ಮಾತನಾಡಲಿಲ್ಲ. ಆ ಸಂಕೋಚದ ಪ್ರಾಯಶ್ಚಿತ್ತವೆಂದೇ ಈ ಬರಹವನ್ನು ಓದಬಹುದು.

ಯಂತ್ರ ತಪ್ಪು ಎಣಿಸುತ್ತದೆ. ಅದಕ್ಕೆ ಕಾರಣವೂ ಗೂಢವಲ್ಲ. ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಅರ್ಧಾಕ್ಷರದ ಚಿಹ್ನೆಗೊಂದು, ಸೊನ್ನೆಗೊಂದು ಸಂಕೇತವಿದೆ. ಆ ಸಂಕೇತಗಳನ್ನೇ ಎಣಿಸಿದರೆ ‘ಕರ್ನಾಟಕ’ ಏಳಾಗುತ್ತದೆ. ಸ್ವರಚಿಹ್ನೆಗಳನ್ನು ವ್ಯಂಜನಕ್ಕೆ ಸೇರಿಸಿಯೂ ಒತ್ತನ್ನು ಮಾತ್ರ ಒಡೆದರೆ ಐದು. ಕನ್ನಡ ಬಲ್ಲ ಯಾರ ಬಾಯಲ್ಲೂ ಅದು ನಾಲ್ಕೇ. 2023ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 15.1ನೆಯ ಆವೃತ್ತಿ, ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಹಿಡಿಯುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನೆರೆಯ ತೆಲುಗಿಗೆ ದೊರೆತದ್ದು ಅದರ ಅವಳಿಯಂತಿರುವ ಲಿಪಿಗೆ ದೊರೆಯಲಿಲ್ಲವೆಂದರೆ, ಕೇಳಬೇಕಾದವರು ಎಲ್ಲಿದ್ದರು ಎಂಬ ಪ್ರಶ್ನೆ ಏಳುತ್ತದೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಇದ್ದರೆಂದೇ ನಮ್ಮ ಊಹೆ.

ಆದರೆ ನಮ್ಮ ಮುಖ್ಯ ಜಗಳ ಯಂತ್ರದೊಡನಲ್ಲ, ಯಂತ್ರಕ್ಕೆ ತಲೆಬಾಗುವ ನಮ್ಮವರೊಡನೆ. ಸ್ಪರ್ಧೆಯ ನಂತರ ಆಕ್ಷೇಪವೆತ್ತಿದಾಗ ನಮಗೆ ಸಿಕ್ಕ ಉತ್ತರ ಇದು: ‘ಮುಂದಿನ ವರ್ಷ ಒತ್ತಕ್ಷರದ ಪದಗಳನ್ನೇ ಕೈಬಿಡೋಣ, ಮಕ್ಕಳಿಗೂ ಸುಲಭ.’ ಹಾಗೆ ಕೈಬಿಟ್ಟರೆ ಉಳಿಯುವುದೇನೆಂದು ಆ ಮಹನೀಯರು ಯೋಚಿಸಿದ್ದಾರೆಯೇ? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ: ಮನೆಗೆ ಮನೆಯೇ ಖಾಲಿ. ಸೊಸೆ, ಮಾವ, ಭಾವ ಮೊದಲಾದ ಕೆಲವರು ಉಳಿದಾರು. ಹತ್ತರವರೆಗೆ ಎಣಿಸುವಾಗ ನಾಲ್ಕು, ಒಂಬತ್ತು, ಹತ್ತು ಬಿಟ್ಟುಹೋಗುತ್ತವೆ. ‘ಅಕ್ಷರ’ ಎಂಬ ಪದವೂ ‘ಕನ್ನಡ’ ಎಂಬ ಪದವೂ ಹೊರಗೇ. ಪುಣೆಯಲ್ಲೋ ಚೆನ್ನೈಯಲ್ಲೋ ಬೆಳೆಯುವ ಮಗು ಶಾಲೆಯಲ್ಲಿ ಕಲಿಯದ ಕನ್ನಡವನ್ನು ಮನೆಯ ಮಾತಿನಿಂದ, ಇಂಥ ಆಟಗಳಿಂದಲೇ ಕಲಿಯಬೇಕು. ಆ ಮಗುವಿಗೆ ‘ಅಮ್ಮ’ ಎರಡಕ್ಷರದ ಪದವಲ್ಲ, ಮೂರಕ್ಷರದ್ದು ಎಂದು ಹೇಳಿಕೊಡುವುದು ಸೌಲಭ್ಯವಲ್ಲ, ಅಪಚಾರ.

ಈ ಅಪಚಾರದ ಬೇರು ಇಂಗ್ಲಿಷಿನಲ್ಲಿದೆ. ಆ ಸಾಹಿತ್ಯವನ್ನೇ ಓದಿ ಪದವಿ ಪಡೆದವರಾದ್ದರಿಂದ ದ್ವೇಷವಿಲ್ಲದೆ ಹೇಳುತ್ತಿದ್ದೇವೆ. 2021ರಲ್ಲಿ ಜೋಶ್ ವಾರ್ಡಲ್ ಜನರ ಮುಂದಿಟ್ಟ, ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ‘ವರ್ಡಲ್’ ಆಟಕ್ಕೆ ಐದಕ್ಷರದ ಚೌಕಟ್ಟು ಸಹಜ. ಅಲ್ಲಿ ಅಕ್ಷರವೆಂದರೆ ಬರಹದ ಗುರುತು, ಉಚ್ಚಾರಕ್ಕೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಸಾಲಿನಲ್ಲಿ ನಿಲ್ಲುವ ‘ಕ್ಯೂ’ಗೆ ಅವರು ಐದು ಅಕ್ಷರ ವ್ಯಯಿಸುತ್ತಾರೆ, ನಾವು ಒಂದೇ ಒಂದು. ಸರ್ಕಾರಿ ನಮೂನೆಗಳಲ್ಲಿ ಚೌಕಕ್ಕೊಂದರಂತೆ ಇಂಗ್ಲಿಷ್ ಅಕ್ಷರ ತುಂಬಿ ತುಂಬಿ ನಮ್ಮ ಕೈಗೂ ಅದೇ ಅಭ್ಯಾಸವಾಗಿದೆ ಎನ್ನಿ. ಕನ್ನಡದ ಅಕ್ಷರ ಬಾಯಿಯ ಅಳತೆ. ಚಂಪಕಮಾಲೆಯ ಪಾದಕ್ಕೆ 21, ಉತ್ಪಲಮಾಲೆಗೆ 20, ಶಾರ್ದೂಲವಿಕ್ರೀಡಿತಕ್ಕೆ 19 ಎಂದು ಪಂಪನ ಕಾಲದಿಂದ ಎಣಿಸಿಕೊಂಡು ಬಂದ ಭಾಷೆಗೆ ಎಣಿಕೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಹಳ್ಳಿಯ ಜಗಲಿಯ ಒಗಟುಗಳೂ ಇದೇ ಲೆಕ್ಕವನ್ನು ನಂಬಿದ್ದವು. ‘ನಗರ’ದಲ್ಲಿ ಮೊದಲಕ್ಷರ ತೆಗೆದರೆ ಬಡಿಯುವ ಗರ, ನಡುವಿನದು ತೆಗೆದರೆ ನರ, ಕೊನೆಯದು ತೆಗೆದರೆ ತೊಡುವ ನಗ, ಹೀಗೆ ಆಡಿಸುವಾಗ ಯಾರೂ ಸಂಕೇತಗಳನ್ನು ಎಣಿಸುತ್ತಿರಲಿಲ್ಲ.

ತೊಡಕುಗಳು ಇಲ್ಲವೆನ್ನುವುದಿಲ್ಲ. ‘ಬಸ್’ ಎಷ್ಟಕ್ಷರ? ಛಂದಸ್ಸಿನಲ್ಲಿ ಕೊನೆಯ ಅರ್ಧಾಕ್ಷರ ಹಿಂದಿನದನ್ನು ಗುರುವಾಗಿಸಿ ಅದರಲ್ಲೇ ಸೇರಿಹೋಗುತ್ತದೆ, ಆದ್ದರಿಂದ ಒಂದು. ನಾವು ಬಿಡಿಸುತ್ತ ಬಂದಿರುವ ಪದಬಂಧಗಳಲ್ಲಿ ಅದಕ್ಕೆ ಪ್ರತ್ಯೇಕ ಚೌಕ, ಆದ್ದರಿಂದ ಎರಡು. ನಮ್ಮ ಒಲವು ಪದಬಂಧದ ಕಡೆಗೆ, ಏಕೆಂದರೆ ಕಣ್ಣಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ‘ಬಸ್ಸು’ ಎಂದರಂತೂ ತಕರಾರೇ ಇಲ್ಲ. ವಿಭಕ್ತಿ ಹಚ್ಚಿದ ರೂಪಗಳನ್ನು ಆಟದಲ್ಲಿ ಒಪ್ಪಬಾರದು. ಒಪ್ಪಿದರೆ ‘ಮರ’ವನ್ನು ಬೇಕಾದಷ್ಟು ಚೌಕಗಳಿಗೆ ಎಳೆಯಬಹುದು. ಇನ್ನು ‘ಕ ಇರುವ ಪದ’ ಎಂದಾಗ ‘ಕಾಗೆ’ ನಡೆಯುತ್ತದೆಯೇ? ಪೂರ್ಣ ಅಂಕ ಕೊಡಲಾಗದು, ಆದರೆ ವ್ಯಂಜನ ಸರಿ, ಗುಣಿತ ತಪ್ಪು ಎಂಬ ಸುಳುಹನ್ನು ಕೊಡಬಹುದು. ಇಂಗ್ಲಿಷಿನ ಆಟಕ್ಕೆ ಇಲ್ಲದ ಈ ಸೊಗಸು ನಮ್ಮ ಕಾಗುಣಿತದಿಂದಲೇ ದಕ್ಕುವಂಥದು. ಇವೆಲ್ಲ ಕನ್ನಡಿಗರು ಕುಳಿತು ತೀರ್ಮಾನಿಸಬೇಕಾದ ಸಂಗತಿಗಳು.

ಒತ್ತನ್ನು ಹಿಂದಿನ ಅರ್ಧಾಕ್ಷರಕ್ಕೆ ಸೇರಿಸಿ ಎಣಿಸುವುದು ತಂತ್ರಾಂಶ ಬರೆಯುವವರಿಗೆ ಒಂದು ಸಂಜೆಯ ಕೆಲಸ. ಬಳಗಗಳಲ್ಲಿ ಅಂಥವರಿಗೆ ಬರವಿಲ್ಲ; ಕೇಳಿದವರಿಲ್ಲ, ಅಷ್ಟೆ. ಮುಂದಿನ ನವೆಂಬರಿನೊಳಗೆ ಅದೂ ಆಗದಿದ್ದರೆ ಸ್ಪರ್ಧೆಯನ್ನು ಕಾಗದದ ಮೇಲೆ ನಡೆಸಲಿ, ಒತ್ತಕ್ಷರ ಬಲ್ಲ ಹಿರಿಯರೊಬ್ಬರು ತಿದ್ದಲಿ. ಅದಕ್ಕೂ ಮೊದಲು, ‘ಸಂಕ್ರಾಂತಿ’ ಬರೆದ ಹುಡುಗಿಗೆ ಕಳೆದ ಅಂಕವನ್ನು ಹಿಂತಿರುಗಿಸಲಿ, ಅದೂ ಎಲ್ಲರ ಎದುರಿಗೆ.